ಮಿಲ್ಲಿನ ತಂಡ ಸೋತ ವರ್ಷ

ನಮ್ಮ ಮನೆಯ ಹಿಂದಿನ ಖಾಲಿ ಜಾಗದಲ್ಲಿ ಈಗ ಯಾರೋ ಮನೆ ಕಟ್ಟಿಸುತ್ತಿದ್ದಾರೆ. ಬೀದರಿನ ನೆಲ ಕಂಡವರಿಗೆ ಗೊತ್ತು, ಒಂದು ಮೊಳ ಅಗೆಯುವುದರೊಳಗೆ ಕೆಂಪು ಮಣ್ಣು ಮೇಲೆ ಬಂದು ಬೀಳುತ್ತದೆ, ಬಟ್ಟೆಗೆ ತಾಗಿದರೆ ಮೂರು ಸಲ ಒಗೆದರೂ ಹೋಗುವುದಿಲ್ಲ. ಹೋದ ಭಾನುವಾರ ಮಧ್ಯಾಹ್ನ ಪಾಯ ತೋಡುವ ಹೆಣ್ಣುಮಗಳೊಬ್ಬಳು ಊಟ ಮುಗಿಸಿ, ಮಜ್ಜಿಗೆಯ ಡಬ್ಬಿಗೆ ನೀರು ಹಾಕಿ ಕುಲುಕಿ, ಆ ನೀರನ್ನು ಮಣ್ಣಿನ ಗುಡ್ಡೆಯ ಮೇಲೆ ಚೆಲ್ಲಿದಳು. ಬಿಸಿಲಿಗೆ ಕಾದಿದ್ದ ಮಣ್ಣು ಅದನ್ನು ಕುಡಿದು ಒಂದು ವಾಸನೆ ಬಿಟ್ಟಿತು. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ನಾನು ಒದ್ದೆ ಸೀರೆ ಹಿಡಿದುಕೊಂಡು ನಿಂತೇಬಿಟ್ಟೆ. ಐವತ್ತರ ಹತ್ತಿರ ಬಂದ, ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಹೆಂಗಸು ಹುಳಿ ಮಣ್ಣಿನ ವಾಸನೆಗೆ ಕಣ್ಣಲ್ಲಿ ನೀರು ತಂದುಕೊಂಡಳು ಎಂದು ಗೊತ್ತಾದರೆ ನನ್ನ ವಿದ್ಯಾರ್ಥಿಗಳು ನಗುತ್ತಾರೆ. ನಗಲಿ. ಅವರ ಮನೆಗಳೂ ಒಂದು ದಿನ ಇಲ್ಲವಾಗುತ್ತವೆ, ಆಗ ಅವರಿಗೂ ತಿಳಿಯುತ್ತದೆ.

ಅದು ನಮ್ಮ ಅಂಗಳದ ವಾಸನೆ. ಭಾಲ್ಕಿಯಲ್ಲಿ ಒಂದು ಬೇಳೆ ಮಿಲ್ಲಿನ ಹಿಂದೆ, ತಗಡಿನ ಮಾಡಿನ ನಮ್ಮ ಮನೆಯ ಮುಂದೆ ದೊಡ್ಡ ಅಂಗಳವಿತ್ತು. ಅಂಗಳ ಎಂದರೂ ಅದು ಕಬಡ್ಡಿಯ ಅಂಕಣ. ಭಾಲ್ಕಿಯ ಕರಿಮಣ್ಣು ಆಟಕ್ಕೆ ಒಗ್ಗುವುದಿಲ್ಲ, ಒಣಗಿದರೆ ಬಿರುಕು ಬಿಟ್ಟು ಕಾಲು ಮುರಿಯುತ್ತದೆ, ತೊಯ್ದರೆ ಅಂಗಾಲಿಗೆ ಅಂಟಿಕೊಂಡು ಬಿಡುವುದಿಲ್ಲ. ಅದಕ್ಕೇ ಪ್ರತಿ ವರ್ಷ ದಸರೆಯ ಮುಂಚೆ ಬೀದರಿನ ಕಡೆಯಿಂದ ಒಂದು ಟ್ರ್ಯಾಕ್ಟರ್ ಕೆಂಪು ಮಣ್ಣು ಬರುತ್ತಿತ್ತು. ಅದನ್ನು ಜರಡಿ ಹಿಡಿದು, ಮಿಲ್ಲಿನ ತೊಗರಿ ಹೊಟ್ಟು ಬೆರೆಸಿ, ಗರಡಿಮನೆಯ ಮಣ್ಣಿಗೆ ಹಾಕುವ ಹಾಗೆ ಅರಿಶಿನ, ಎಣ್ಣೆ ಹಾಕಿ ಎರಡು ದಿನ ತುಳಿಯುತ್ತಿದ್ದರು. ಕೊನೆಗೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಎರಡು ಕೊಡ ಮಜ್ಜಿಗೆ ತಂದು ನಾಲ್ಕೂ ಮೂಲೆಗೆ ಸುರಿಯುತ್ತಿದ್ದಳು. "ಇದರ ಮ್ಯಾಲ ಬೀಳವ್ರು ನಮ್ಮ ಹುಡುಗ್ರೇ. ಮಣ್ಣಿನ ಹೊಟ್ಟಿ ತಣ್ಣಗಿದ್ರ ಅವರ ಮೊಣಕಾಲು ಉಳಿತಾವ" ಅನ್ನುತ್ತಿದ್ದಳು. ಆಮೇಲೆ ಎಂಟು ದಿನ ಆ ವಾಸನೆ ನಮ್ಮ ಹಾಸಿಗೆಗೂ, ನನ್ನ ಸಾಲಿಯ ಪುಸ್ತಕಗಳಿಗೂ ಹತ್ತಿಕೊಂಡಿರುತ್ತಿತ್ತು.

ಮಿಲ್ಲಿನ ಮಾಲೀಕರನ್ನು ಎಲ್ಲರೂ ಸಾವಕಾರರು ಎಂದೇ ಕರೆಯುತ್ತಿದ್ದರು. ಹರೆಯದಲ್ಲಿ ತಾವೂ ಆಡಿ ಒಂದು ಭುಜ ಮುರಿದುಕೊಂಡಿದ್ದ ಅವರಿಗೆ ಕಬಡ್ಡಿಯ ಹುಚ್ಚು. ಆಟಕ್ಕಾಗಿಯೇ ಹತ್ತು ಮಂದಿಯನ್ನು ಮಿಲ್ಲಿನಲ್ಲಿ ಇಟ್ಟುಕೊಂಡಿದ್ದರು. ಬೆಳಿಗ್ಗೆ ಚೀಲ ಹೊರುವುದು, ನಾಲ್ಕು ಗಂಟೆಯ ಮೇಲೆ ಆಟ, ಎರಡಕ್ಕೂ ಸೇರಿ ಪಗಾರ. ನಮ್ಮ ಭಾಗದಲ್ಲಿ ಆಡಿ ಉಣ್ಣುವವರು ಎಂದರೆ ಆ ಹತ್ತು ಮಂದಿಯೇ. ಆ ತಂಡದ ಕಪ್ತಾನ ನನ್ನ ಅಪ್ಪನ ತಮ್ಮ, ಮಿಲಿಂದ ಕಾಕಾ. ಅಪ್ಪ ಸಾಯಗಾಂವದ ಸಾಲಿಯಲ್ಲಿ ಮಾಸ್ತರನಾಗಿದ್ದ, ಮಾತು ಕಡಿಮೆ. ಮನೆಯ ಮಾತೆಲ್ಲ ಕಾಕಾನ ಪಾಲಿಗೆ ಬಂದಿತ್ತು. ಮೂವತ್ತಾರು ವರ್ಷವಾದರೂ ಮದುವೆಯಾಗಿರಲಿಲ್ಲ. ಯಾರಾದರೂ ಕೇಳಿದರೆ, "ಹತ್ತು ಮಂದಿ ಉಣಸಾಕತ್ತಾಳ ನಮ್ಮವ್ವ, ಹನ್ನೊಂದನೇದಕ್ಕಿ ಬಂದ್ರ ರೊಟ್ಟಿ ಕಲ್ಲು ಒಡಿತದ" ಎಂದು ನಗಿಸಿ ಕಳಿಸುತ್ತಿದ್ದ. ಅವನು ತೊಡೆ ತಟ್ಟಿದರೆ ಮಿಲ್ಲಿನ ಗೇಟಿನ ತನಕ ಕೇಳುತ್ತಿತ್ತು. ಪ್ರತಿ ಪಂದ್ಯದ ಮೊದಲ ರೈಡ್ ಅವನದೇ. ಮಧ್ಯಗೆರೆ ಮುಟ್ಟಿ ಹಣೆಗೆ ಹಚ್ಚಿಕೊಂಡು, ಕಬಡ್ಡಿ ಕಬಡ್ಡಿ ಅನ್ನುತ್ತ ಒಳಗೆ ಹೋದರೆ ಒಬ್ಬರನ್ನಾದರೂ ಮುಟ್ಟದೆ ತಿರುಗಿ ಬರುತ್ತಿರಲಿಲ್ಲ. ನನಗೆ ಹತ್ತು ವರ್ಷ. ಜಗತ್ತಿನಲ್ಲಿ ಕಾಕಾನನ್ನು ಹಿಡಿಯುವವರು ಹುಟ್ಟಿಲ್ಲ ಎಂದು ನಂಬಿದ್ದೆ.

ತಂಡದಲ್ಲಿ ಹಳೆಯ ರಿವಾಜು ಒಂದಿತ್ತು. ಪಂದ್ಯ ಮುಗಿದ ಮೇಲೆ, ಗೆಲ್ಲಲಿ ಸೋಲಲಿ, ಎಲ್ಲರೂ ಕಪ್ತಾನನ ಮನೆಯಲ್ಲಿ ಉಣ್ಣಬೇಕು. ಕಾಕಾ ಕಪ್ತಾನನಾದ ದಿನದಿಂದ ಆ ಊಟ ನಮ್ಮ ಮನೆಗೆ ಬಂತು. ಇದು ಸಣ್ಣ ಮಾತಲ್ಲ. ನಮ್ಮದು ಬೌದ್ಧರ ಮನೆ. ಅಜ್ಜನ ಕಾಲದಲ್ಲಿ ಭಾವಿಯಿಂದ ದೂರ ನಿಲ್ಲಿಸಿದ ಮನೆತನ. ಆಯಿಯ ಕೈಯ ನೀರು ಕುಡಿಯದ ಮನೆಗಳು ನಮ್ಮ ಓಣಿಯಾಚೆ ಆಗಲೂ ಇದ್ದವು. ಆ ಮನೆಗಳ ಹುಡುಗರು, ಮಿಲ್ಲಿನ ಹಿಂದಿನ ಓಣಿಯ ಖಾದರ್ ಮಾಮಾ, ಹಳ್ಳಿಯಿಂದ ಬಂದ ಮರಾಠಾ ಅಣ್ಣತಮ್ಮಂದಿರು, ಎಲ್ಲರೂ ನಮ್ಮ ಪಡಸಾಲೆಯಲ್ಲಿ ಒಂದೇ ಸಾಲಿನಲ್ಲಿ ಕೂತು ಒಂದೇ ಬುಟ್ಟಿಯ ರೊಟ್ಟಿ ಉಣ್ಣುತ್ತಿದ್ದರು. ಕಾಕಾ ಮೊದಲಿಗೆ ಕೂಡಬೇಕು, ಅವನ ಪಕ್ಕ ಶರಣಪ್ಪ. ಇಪ್ಪತ್ತೆರಡರ ಹುಡುಗ, ಹಣೆಯ ತುಂಬ ವಿಭೂತಿ, ಕಾಕಾನ ನಂತರ ತಂಡದ ಒಳ್ಳೆಯ ರೈಡರ್ ಅವನೇ. ಮೊದಲ ಸಲ ಬಂದಾಗ ಅವನ ತಾಯಿ ಮೂರು ದಿನ ಮಾತು ಬಿಟ್ಟಿದ್ದಳಂತೆ. ಆದರೂ ಬಂದ. ಆಯಿ ರೊಟ್ಟಿ ಬಡಿಯುವ ಸದ್ದು ಸಂಜೆ ನಾಲ್ಕರಿಂದ ಶುರುವಾದರೆ ಏಳರ ತನಕ ನಿಲ್ಲುತ್ತಿರಲಿಲ್ಲ. ಅವ್ವ ಬೇಳೆ, ಪುಂಡಿಪಲ್ಯ ಮಾಡಿ ಇಳಿಸುತ್ತಿದ್ದಳು. ಶೇಂಗಾ ಹಿಂಡಿ, ಅಂದರೆ ಕುಟ್ಟಿದ ಚಟ್ನಿ, ಬಡಿಸುವುದು ನನ್ನ ಕೆಲಸ.

ಆಯಿಯದೂ ಒಂದು ಕಟ್ಟಳೆಯಿತ್ತು. ಉಂಡು ಕೈ ತೊಳೆಯುವ ತನಕ ಆಟದ ಮಾತು ಎತ್ತುವಂತಿಲ್ಲ. ಯಾರು ಗೆದ್ದರು, ಯಾರು ಸಿಕ್ಕಿಬಿದ್ದರು, ಹೇಗೆ ಬಿದ್ದರು, ಏನೂ ಕೇಳುವಂತಿಲ್ಲ. ಬಹಳ ಹಿಂದೆ ಒಂದು ಸೋಲಿನ ದಿನ ಗಂಗಾಳದ ಮುಂದೆ ಇಬ್ಬರು ಜಗಳಾಡಿ, ಒಬ್ಬ ಅನ್ನ ಬಿಟ್ಟು ಎದ್ದುಹೋದನಂತೆ. ಅಂದಿನಿಂದ, "ಸೋತವಗ ಹಸಿವು ಹೆಚ್ಚಿರ್ತದ, ಅವನ ಬಾಯಿಗಿ ತುತ್ತು ಕೊಡ್ರಿ, ಮಾತು ಕೊಡಬ್ಯಾಡ್ರಿ" ಎಂದು ಆಯಿಯ ಆಜ್ಞೆ. ಕೈ ತೊಳೆದ ಮೇಲೆ ಮಾತಾಡಬಹುದಿತ್ತು. ಆದರೆ ಅಷ್ಟು ಉಂಡ ಮೇಲೆ ಯಾರಿಗೆ ಮಾತು ಬೇಕು? ಆ ಕಟ್ಟಳೆಯಿಂದ ನಮ್ಮ ಮನೆಯಲ್ಲಿ ಜಗಳವಾಗಲಿಲ್ಲ ಎಂಬುದು ನಿಜ. ಅದರಿಂದ ಇನ್ನೊಂದೂ ಆಯಿತು, ಅದನ್ನೇ ಹೇಳಲು ಹೊರಟಿದ್ದೇನೆ.

ಆ ವರ್ಷದ ಹಂಗಾಮು ಬೀದರಿನಲ್ಲಿ ಶುರುವಾಯಿತು. ಮೊದಲ ರೈಡಿಗೆ ಹೋದ ಕಾಕಾ ಸಿಕ್ಕಿಬಿದ್ದ. ಎಡಗಡೆಯ ಮೂಲೆಯಿಂದ ಒಬ್ಬ ಸಣಕಲು ಹುಡುಗ ಓಡಿಬಂದು ಪಾದ ಹಿಡಿದ, ಅಷ್ಟೇ. ಎಡವಿದ್ದಾನೆ ಎಂದುಕೊಂಡೆವು. ಪಂದ್ಯ ಸೋತೆವು. ಜನವಾಡದಲ್ಲಿಯೂ ಹಾಗೆಯೇ ಆಯಿತು, ಎಡದಿಂದ ಬಂದವನ ಕೈಗೆ ಕಾಕಾನ ಮೊಣಕಾಲು ಕೊಟ್ಟ ಹಾಗೆ ಸಿಕ್ಕಿತು. ಮೂರನೆಯದು ಅಷ್ಟೂರಿನಲ್ಲಿ, ಹಳೆಯ ಸುಲ್ತಾನರ ಗುಂಬಜ್‌ಗಳ ಹತ್ತಿರದ ಬಯಲಿನಲ್ಲಿ. ಗುಂಬಜಿನ ನೆರಳು ಅಂಕಣದ ಅರ್ಧಕ್ಕೆ ಬಿದ್ದಿತ್ತು. ಕಾಕಾ ನೆರಳಿನೊಳಗೆ ಹೋದವನು ತಿರುಗಿ ಬರಲಿಲ್ಲ, ನಾಲ್ಕು ಮಂದಿ ಅವನ ಮೇಲೆ ಬಿದ್ದಿದ್ದರು. ಕಪ್ತಾನ ಮೊದಲ ರೈಡಿನಲ್ಲೇ ಹೊರಗೆ ಹೋದರೆ ತಂಡದ ಎದೆ ಒಡೆಯುತ್ತದೆ. ಶರಣಪ್ಪ ಒಬ್ಬನೇ ಎಷ್ಟು ಎಳೆದಾನು? ಊರ ಮಂದಿ ಗೆದ್ದೆತ್ತಿನ ಬಾಲ ಹಿಡಿಯುವವರು, ನಮ್ಮನ್ನು ಬಿಟ್ಟು ಬೇರೆ ಬಾಲ ಹುಡುಕಿಕೊಂಡರು. ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ, "ಮಿಲ್ಲಿನವ್ರು ತೊಗರಿ ಹಾಂಗ ಎರಡು ಹೋಳಾದ್ರು ನೋಡ್ರಿ" ಎಂದು ನಗುವುದನ್ನು ನಾನೇ ಕೇಳಿದೆ. ಸಾಲಿಯಲ್ಲಿ ಒಬ್ಬ ಹುಡುಗ ಅದನ್ನೇ ಅಂದದ್ದಕ್ಕೆ ಅವನ ಪಾಟಿ ಒಡೆದು ಕೈಮೇಲೆ ಹೊಡೆಸಿಕೊಂಡೆ.

ಅಷ್ಟೂರಿನಿಂದ ಬಂದ ಸಂಜೆಯೂ ಸಾಲು ಕೂತಿತು. ಎಲ್ಲರೂ ತಲೆ ಬಗ್ಗಿಸಿ ಉಣ್ಣುತ್ತಿದ್ದರು. ನಾನು ಹಿಂಡಿ ಬಡಿಸಿ ಮುಂದೆ ಹೋಗಿದ್ದೆ. ಹಿಂದಿನಿಂದ ಕಾಕಾ ಕರೆದ.

"ಸುಜೂ, ನನಗ ಹಿಂಡಿ ಹಾಕಲಿಲ್ಲೇನವ್ವಾ?"

ಹಾಕಿದ್ದೆ. ಗಂಗಾಳದ ಎಡ ಅಂಚಿನಲ್ಲಿ, ದೊಡ್ಡ ನೆಲ್ಲಿಕಾಯಿಯಷ್ಟು ಹಿಂಡಿ ಇತ್ತು. ಚೇಷ್ಟೆ ಮಾಡುತ್ತಿದ್ದಾನೆ ಎಂದು ನಗಲು ಹೋದೆ. ಅಷ್ಟರಲ್ಲಿ ಕಾಕಾ ಕುತ್ತಿಗೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿದ, ಹಿಂಡಿಯನ್ನು ಕಂಡ, ಗಂಗಾಳವನ್ನೇ ಸ್ವಲ್ಪ ತಿರುಗಿಸಿಕೊಂಡ. ಬೇರೆ ಯಾರೂ ತಲೆ ಎತ್ತಲಿಲ್ಲ. ನನಗೆ ನಗೆ ಹೊರಡಲಿಲ್ಲ.

ಮರುದಿನ ಮಧ್ಯಾಹ್ನ ಅವನು ಅಂಕಣದ ಗೆರೆಗೆ ಸುಣ್ಣ ಹಾಕುತ್ತಿದ್ದ. ನಾನು ಸದ್ದಿಲ್ಲದೆ ಹೋಗಿ ಅವನ ಎಡಗಡೆ ಒಂದು ಮಾರು ದೂರದಲ್ಲಿ ನಿಂತೆ. ನೋಡಲಿಲ್ಲ. ಕೈ ಎತ್ತಿ ಆಡಿಸಿದೆ. ನೋಡಲಿಲ್ಲ. ಇನ್ನೂ ಹತ್ತಿರ ಹೋಗಿ ಅವನ ಕೆನ್ನೆಯ ಪಕ್ಕದಲ್ಲೇ ಬೆರಳು ಆಡಿಸಿದೆ. ಅವನು ಹಾಡು ಗುನುಗುತ್ತ ಸುಣ್ಣ ಹಾಕುತ್ತಲೇ ಇದ್ದ. ನಾನು ಅಳತೊಡಗಿದ ಮೇಲೆಯೇ ಅವನಿಗೆ ಅಲ್ಲಿ ಯಾರೋ ಇದ್ದಾರೆಂದು ಗೊತ್ತಾದದ್ದು. ಸುಣ್ಣದ ಡಬ್ಬಿ ಕೆಳಗಿಟ್ಟು ನನ್ನನ್ನು ತನ್ನ ಬಲಗಡೆ ಕೂಡಿಸಿಕೊಂಡ.

ಬೇಸಿಗೆಯಲ್ಲಿ ಮಿಲ್ಲಿನೊಳಗೆ ತೊಗರಿಯ ಚೂರು ಸಿಡಿದು ಅವನ ಕಣ್ಣಿಗೆ ಬಡಿದಿತ್ತು. ಒಂದು ವಾರ ಹತ್ತಿ ಕಟ್ಟಿಕೊಂಡು ತಿರುಗಿದ್ದು ನೆನಪಿತ್ತು. ಕೆಂಪು ಇಳಿಯಿತು, ವಾಸಿಯಾಯಿತು ಎಂದು ಎಲ್ಲರೂ ಮರೆತಿದ್ದೆವು. ಅವನು ಒಬ್ಬನೇ ಬೀದರಿಗೆ ಹೋಗಿ ತೋರಿಸಿಕೊಂಡು ಬಂದಿದ್ದ. "ಡಾಕ್ಟರ್ ಹೇಳ್ಯಾರ, ಎಡಗಣ್ಣು ಹೋತು, ಬಲಗಣ್ಣು ಜ್ವಾಕಿ ಮಾಡಕೋ ಅಂತ" ಎಂದ, ಬಸ್ಸು ತಪ್ಪಿತು ಅನ್ನುವ ಹಾಗೆ.

"ಮತ್ತ ಯಾಕ ಆಡ್ತಿ ಕಾಕಾ? ಆಯಿಗಿ ಹೇಳ್ತೇನಿ ನಾ."

"ಹೇಳಬ್ಯಾಡ." ಅವನು ಅಷ್ಟು ಗಡುಸಾಗಿ ನನ್ನೊಡನೆ ಎಂದೂ ಮಾತಾಡಿರಲಿಲ್ಲ. ಆಮೇಲೆ ದನಿ ಇಳಿಸಿದ. "ನಾ ಹೊರಗ ಕೂತ್ರ ಶರಣಪ್ಪ ಕಪ್ತಾನ ಆಗ್ತಾನ. ಚೊಲೋ ಹುಡುಗ, ಆಗಬೇಕಾದವನೇ. ಆದ್ರ ಊಟ ಅವ್ರ ಮನಿಗಿ ಹೋಗ್ತದ. ಅವ್ರ ಅವ್ವ ನನಗ, ಖಾದರಗ ಪಡಸಾಲಿ ಮಟಾನರೆ ಬಿಟ್ಟಾಳೇನು? ಒಬ್ಬೊಬ್ರು ಒಂದೊಂದು ಕಡಿ ಆಗ್ತಾರ. ನಮ್ಮವ್ವ ಹತ್ತು ವರ್ಷ ರೊಟ್ಟಿ ಬಡದು ಕೂಡಿಸಿದ ಸಾಲು ಮಗಾ ಅದು. ಒಂದು ಕಣ್ಣಿನ ಸಲವಾಗಿ ಅದು ಎದ್ದು ಹೋಗಬೇಕಾ?"

ಹತ್ತು ವರ್ಷದವಳಿಗೆ ಅದು ಎಷ್ಟು ತಿಳಿಯಿತೋ ಈಗ ಹೇಳಲಾರೆ. ಆದರೆ ಆಣೆ ಮಾಡಿದೆ. ಅಂದಿನಿಂದ ಹಿಂಡಿಯನ್ನು ಅವನ ಗಂಗಾಳದ ಬಲಕ್ಕೆ ಬಡಿಸಿದೆ, ತಂಬಿಗೆಯನ್ನು ಬಲಕ್ಕೆ ಇಟ್ಟೆ. ಗುಟ್ಟು ಇಟ್ಟುಕೊಳ್ಳುವುದು ದೊಡ್ಡವರಾದಂತೆ ಎಂದು ಮೊದಮೊದಲು ಹೆಮ್ಮೆಯಾಯಿತು. ಭಾಲ್ಕಿಯ ನಮ್ಮ ಸ್ವಂತ ಅಂಗಳದಲ್ಲಿ, ಆಯಿ ಮಜ್ಜಿಗೆ ಸುರಿದ ಮಣ್ಣಿನ ಮೇಲೆ, ಅವನು ಮತ್ತೆ ಎಡಕ್ಕೆ ಸಿಕ್ಕಿಬಿದ್ದಾಗ ಆ ಹೆಮ್ಮೆ ಹೋಯಿತು. ಸಾಯಗಾಂವದಲ್ಲಿ ಐದನೆಯ ಸೋಲು. ಯಾರೂ ಅವನನ್ನು ಏನೂ ಕೇಳಲಿಲ್ಲ. ಊಟಕ್ಕೆ ಮುಂಚೆ ಕೇಳುವಂತಿಲ್ಲ, ಊಟದ ನಂತರ ಕೇಳಲು ಮನಸ್ಸಿಲ್ಲ. ಸಾವಕಾರರು ಮಾತ್ರ ಒಂದು ದಿನ ಅಂಗಳಕ್ಕೆ ಬಂದು, ಕೊಡೆಯ ತುದಿಯಿಂದ ಮಣ್ಣು ಕೆದಕುತ್ತ, "ಔರಾದದ್ದೊಂದು ಉಳದದ ಕಪ್ತಾನ್ರ. ಅದೂ ಹೋದ್ರ ಮುಂದಿನ ವರ್ಷಕ್ಕ ಬ್ಯಾರೆ ಕಪ್ತಾನನ್ನ ನೋಡಬೇಕಾಗ್ತದ. ಸಿಟ್ಟಾಗಬ್ಯಾಡ್ರಿ" ಎಂದರು. ಕಾಕಾ, "ಇಲ್ರಿ ಸಾವಕಾರ್ರ, ಸಿಟ್ಟ್ಯಾಕ್ರಿ" ಎಂದು ನಕ್ಕ. ಒಳಗೆ ಆಯಿಯ ರೊಟ್ಟಿಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಔರಾದಿಗೂ ಬರುತ್ತೇನೆಂದು ಹಟ ಹಿಡಿದೆ. ಮಿಲ್ಲಿನ ಟೆಂಪೋದಲ್ಲಿ ತೊಗರಿ ಚೀಲಗಳ ಮೇಲೆ ಕೂತು ಹೋದೆವು. ದಾರಿಯುದ್ದಕ್ಕೂ ಕಡಲೆಯ ಹೊಲಗಳು, ತಣ್ಣನೆಯ ಗಾಳಿ. ಔರಾದಿನ ಕಪ್ತಾನ ವೈಜನಾಥ ಕಾಕಾನ ವಯಸ್ಸಿನವನೇ. ಇಬ್ಬರೂ ಹದಿನೈದು ವರ್ಷ ಒಬ್ಬರಿಗೊಬ್ಬರು ಎದುರಾಗಿ ಆಡಿದವರು, ಒಬ್ಬರ ಮೈಮೇಲಿನ ಗಾಯದ ಗುರುತನ್ನು ಇನ್ನೊಬ್ಬರು ಬಲ್ಲವರು. ಅವನು ಬಂದು ಕಾಕಾನ ಹೆಗಲು ಹಿಡಿದು, "ಕಾಯ್ ರೇ ಮಿಲಿಂದಾ, ಈ ವರ್ಷ ನಿನಗ ಏನಾಗ್ಯದ?" ಎಂದ. ಕಾಕಾ, "ವಯಸ್ಸಾಗ್ಯದ" ಎಂದ. ನಾನು ಜನರ ಕಾಲಡಿಯಿಂದ ನುಸುಳಿ ಅಂಕಣದ ಎಡಗೆರೆಯ ಪಕ್ಕಕ್ಕೆ ಹೋಗಿ ಕುಕ್ಕರಗಾಲಿನಲ್ಲಿ ಕೂತೆ. ಏನು ಮಾಡಬೇಕೆಂದು ಯೋಚಿಸಿರಲಿಲ್ಲ. ಅವನಿಗೆ ಕಾಣದ ಕಡೆ ನಮ್ಮವರು ಯಾರಾದರೂ ಇರಲಿ ಎಂದಷ್ಟೇ.

ಕಾಕಾ ಗೆರೆ ಮುಟ್ಟಿ ಹಣೆಗೆ ಹಚ್ಚಿಕೊಂಡು ಒಳಗೆ ಹೋದ. ವೈಜನಾಥ ಎಡ ಮೂಲೆಯಲ್ಲಿ ನಿಂತಿದ್ದ. ಕಾಕಾ ಬಲಗಡೆಯವರ ಮೇಲೆ ಕಣ್ಣಿಟ್ಟು ಇನ್ನೂ ಒಂದು ಹೆಜ್ಜೆ ಒಳಗಿಟ್ಟ. ವೈಜನಾಥ ಬೆಕ್ಕಿನ ಹಾಗೆ ಬಗ್ಗಿದ. ನನ್ನ ಕಣ್ಣ ಮುಂದೆ ಐದೂ ಸೋಲು ಬಂದವು. ಎದ್ದು ನಿಂತು ಕಿರುಚಿದೆ.

"ಕಾಕಾ, ಎಡಕ್ಕ! ಎಡಗಡಿ ಬಂದಾನ!"

ಮಂದಿ ಕೂಗುತ್ತಲೇ ಇರುತ್ತಾರೆ, ಆದರೆ ಗಂಡಸರ ಗದ್ದಲದಲ್ಲಿ ಒಂದು ಹೆಣ್ಣುಕೂಸಿನ ದನಿ ಬೇರೆಯೇ ಕೇಳಿಸಿತೇನೋ. ಕಾಕಾ ನೋಡಲಿಲ್ಲ, ನೋಡಿದರೂ ಕಾಣುತ್ತಿರಲಿಲ್ಲ. ನನ್ನ ದನಿ ನಂಬಿ ಎಡಗಾಲನ್ನು ಹಿಂದಕ್ಕೆ ಎಳೆದುಕೊಂಡ, ಅದೇ ತಿರುವಿನಲ್ಲಿ ಕೈ ಬೀಸಿ ವೈಜನಾಥನ ಭುಜ ಮುಟ್ಟಿದ, ಒಂದೇ ನೆಗೆತಕ್ಕೆ ಗೆರೆ ದಾಟಿ ಬಂದ. ಪಾಯಿಂಟ್! ಶರಣಪ್ಪ ಅವನನ್ನು ಎತ್ತಿಕೊಂಡ. ನಾನು ಕುಣಿದೆ. ಕುಣಿಯುತ್ತ ಕುಣಿಯುತ್ತ ಸುತ್ತ ನೋಡಿದರೆ ಯಾರೂ ಕುಣಿಯುತ್ತಿಲ್ಲ. ಹೊರಗೆ ನಿಂತಿದ್ದ ವೈಜನಾಥ ಮೊದಲು ನನ್ನನ್ನು ನೋಡಿದ, ಆಮೇಲೆ ಕಾಕಾನ ಮುಖ, ಕಾಕಾನ ಎಡಗಣ್ಣು. ಆಟ ನಡೆಸುವ ಪಂಚರೂ ನೋಡುತ್ತಿದ್ದರು. ಪಕ್ಕಕ್ಕೆ ಬಂದವನನ್ನು ಕಾಣದಿರುವವನಿಗೆ ಮಾತ್ರ ಹಾಗೆ ಕೂಗಿ ಹೇಳುತ್ತಾರೆ ಎಂದು ಅಷ್ಟು ಮಂದಿಗೂ ಒಮ್ಮೆಗೇ ತಿಳಿದಿತ್ತು.

ಅವರಿಗೂ ಒಂದು ಪಾಯಿಂಟ್ ಬಂದು, ಸ್ವಲ್ಪ ಹೊತ್ತಿಗೆ ವೈಜನಾಥ ಮತ್ತೆ ಒಳಗೆ ಬಂದ. ಕಾಕಾ ಮತ್ತೆ ರೈಡಿಗೆ ಹೋದ. ಈ ಸಲ ವೈಜನಾಥ ಅದೇ ಎಡ ಮೂಲೆಯಲ್ಲಿ, ಒಂದು ಕೈ ದೂರದಲ್ಲಿ, ಎರಡೂ ಕೈ ಇಳಿಬಿಟ್ಟು ಸುಮ್ಮನೆ ನಿಂತಿದ್ದ. ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಅವನ ಪಕ್ಕದವನಿಗೂ ಕಣ್ಣಲ್ಲೇ ಬೇಡವೆಂದ. ಕಾಕಾ ಕುತ್ತಿಗೆ ತಿರುಗಿಸಿ ಆ ಇಳಿಬಿಟ್ಟ ಕೈಗಳನ್ನು ನೋಡಿದ. ಹದಿನೈದು ವರ್ಷದ ಎದುರಾಳಿ ತನ್ನನ್ನು ಬಿಟ್ಟುಕೊಡುತ್ತಿದ್ದಾನೆ ಎಂದು ಅವನಿಗೆ ಅರ್ಥವಾದದ್ದು ನನಗೆ ಅಲ್ಲಿಂದಲೇ ಕಂಡಿತು. ಕಾಕಾ ನಿಂತ. ಕಬಡ್ಡಿ ಕಬಡ್ಡಿ ಎಂಬ ದನಿ ನಿಂತಿತು. ಎದುರಾಳಿಯ ಅಂಕಣದ ನಟ್ಟನಡುವೆ, ಯಾರೂ ಮುಟ್ಟದೆ, ತಾನಾಗಿ ಉಸಿರು ಬಿಟ್ಟು ಔಟಾದ. ಪಂಚ ಸೀಟಿ ಊದಲೂ ಮರೆತ. ಕಾಕಾ ವೈಜನಾಥನ ಹೆಗಲು ಒಮ್ಮೆ ತಟ್ಟಿ, ಗೆರೆ ದಾಟಿ ಹೊರಗೆ ಬಂದು, ನನ್ನ ಕೈ ಹಿಡಿದ. "ಬಾ, ನೀರು ಕುಡಿಯೋಣು" ಎಂದ. ಆ ಪಂದ್ಯವನ್ನೂ ಸೋತೆವು. ಎಷ್ಟಕ್ಕೆ ಎಂದು ನಾನು ನೋಡಲಿಲ್ಲ.

ಸಂಜೆ ಸಾಲು ಕೂತಿತು. ಆಯಿ ಬುಟ್ಟಿ ಹಿಡಿದು ಬಂದಳು. ಕಾಕಾ ಗಂಗಾಳದ ಮೇಲೆ ಕೈ ಅಡ್ಡ ಹಿಡಿದ.

"ಅವ್ವಾ, ಇವತ್ತ ಉಣ್ಣಕ್ಕಿಂತ ಮೊದಲ ಮಾತಾಡ್ತೇನಿ. ಬೈಬ್ಯಾಡ. ನನ್ನ ಎಡಗಣ್ಣು ಬ್ಯಾಸಗಿಯಿಂದ ಕಾಣಂಗಿಲ್ಲ. ಈ ವರ್ಷ ಸೋತದ್ದೆಲ್ಲಾ ನನ್ನ ಸಲವಾಗಿ. ಮುಂದಿನ ವರ್ಷ ಶರಣಪ್ಪ ಕಪ್ತಾನ."

ಆಯಿಯ ಬುಟ್ಟಿ ಹಾಗೇ ನಿಂತಿತು. ಸಾಲಿನಲ್ಲಿ ಯಾರೂ ಬೆಚ್ಚಲಿಲ್ಲ. ಅದೇ ನನಗೆ ವಿಚಿತ್ರ ಅನ್ನಿಸಿತು. ಶರಣಪ್ಪ ತಲೆ ತಗ್ಗಿಸಿಕೊಂಡೇ, "ನಮಗ ಅಷ್ಟೂರದಾಗೇ ಗೊತ್ತಾಗಿತ್ರಿ ಅಣ್ಣಾ" ಎಂದ.

"ಗೊತ್ತಾಗಿತ್ತಾ?" ಆಯಿ ಕೇಳಿದಳು. "ಮತ್ತ ಯಾರೂ ಒಂದು ಮಾತ ಯಾಕ ಕೇಳಲಿಲ್ಲೋ?"

"ಉಣ್ಣೋ ಮಟಾ ಕೇಳಬ್ಯಾಡಂತ ನೀವೇ ಹೇಳಿದ್ರಲ್ರಿ ಆಯಿ. ಉಂಡ ಮ್ಯಾಲ ನಮಗ ಧೈರ್ಯ ಆಗಲಿಲ್ರಿ. ಅಣ್ಣಾವ್ರು ಆಡ್ತೇನಿ ಅಂದ್ರ ಅವ್ರ ಸಂಗಾಟ ಸೋಲೋದು ಅಂತ ಮಾಡಿದ್ವಿ."

ಆಯಿ ಬುಟ್ಟಿ ಕೆಳಗಿಟ್ಟು ಅಲ್ಲೇ ಕೂತಳು. ಹೆತ್ತ ಮಗನ ಕಣ್ಣು ಹೋದದ್ದು ಹತ್ತು ಮಂದಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಗೊತ್ತಾಗದ ಹಾಗೆ ಬಾಗಿಲು ಹಾಕಿದ್ದು ಅವಳದೇ ಕಟ್ಟಳೆ. ಕಾಕಾನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ದೀಪದ ಕಡೆ ತಿರುಗಿಸಿ ಆ ಕಣ್ಣನ್ನು ನೋಡಿದಳು, ಬಹಳ ಹೊತ್ತು ನೋಡಿದಳು. "ನನ್ನ ಬಾಯಿ ಸುಡ್ಲಿ" ಎಂದಷ್ಟೇ ಅಂದಳು. ಆಮೇಲೆ ಎದ್ದು ಎಲ್ಲರಿಗೂ ಬಡಿಸಿದಳು. ಸೋತ ಆರು ಪಂದ್ಯಗಳ ಆರೂ ಊಟ ನೆನಪಿವೆ, ಆದರೆ ಅಂದು ಉಂಡಷ್ಟು ರೊಟ್ಟಿಯನ್ನು ಆ ಸಾಲು ಎಂದೂ ಉಂಡಿರಲಿಲ್ಲ. ಇದೇ ಕೊನೆಯದು ಎಂದು ದೊಡ್ಡವರಿಗೆಲ್ಲ ತಿಳಿದಿತ್ತು.

ಮುಂದಿನ ವರ್ಷ ತಂಡ ಬೀದರಿನಲ್ಲಿ ಗೆದ್ದಿತು. ಶರಣಪ್ಪ ಒಬ್ಬನೇ ಅರ್ಧ ಪಂದ್ಯ ಎಳೆದನಂತೆ. ರಿವಾಜಿನಂತೆ ಊಟ ಅವನ ಮನೆಯಲ್ಲಿ. ಕಾಕಾನಿಗೂ ಕರೆ ಬಂದಿತ್ತು. ಹೋಗಲಿಲ್ಲ. "ಆ ಹುಡುಗನ್ನ ಅವ್ರ ಅವ್ವನ ಮುಂದ ನಿಲ್ಲಸಬಾರದು" ಎಂದು ಅಪ್ಪನಿಗೆ ಹೇಳುತ್ತಿದ್ದ. ಖಾದರ್ ಮಾಮಾ ಹುಷಾರಿಲ್ಲವೆಂದು ನೆಪ ಹೇಳಿ ತನ್ನ ಮನೆಗೆ ಹೋದ. ಆಯಿಗೆ ಎಲ್ಲ ಗೊತ್ತಿತ್ತು, ಆದರೂ ನಾಲ್ಕು ಗಂಟೆಗೆ ಒಲೆಯ ಮುಂದೆ ಕೂತಳು. ಅವ್ವ ಬೇಡವೆಂದು ಹೇಳಲು ಹೋಗಿ ಹಿಟ್ಟಿನ ಡಬ್ಬಿ ತಂದಿಟ್ಟಳು. ಬುಟ್ಟಿ ತುಂಬಿತು. ನಾನು ಹಿಂಡಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಆರೂ ಸಲ ಸೋತಾಗ ಆರೂ ಸಲ ಬಂದವರು, ಗೆದ್ದ ದಿನ ಒಬ್ಬರೂ ಬರಲಿಲ್ಲ. ಅವರ ತಪ್ಪೆಂದು ಹೇಳಲಾರೆ. ತಪ್ಪಿಲ್ಲವೆಂದು ಹೇಳಲೂ ನನಗೆ ಬಾಯಿ ಬರುವುದಿಲ್ಲ.

ಮರುದಿನ ಬೆಳಿಗ್ಗೆ ಶರಣಪ್ಪ ಬಂದ. ನೇರ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು, "ಆಯಿ, ನಿನ್ನೆದು ರೊಟ್ಟಿ ಉಳದಾವೇನ್ರಿ?" ಎಂದ. ಆಯಿ ಹಂಚು ಇಟ್ಟು ಬಿಸಿ ಮಾಡಿಕೊಟ್ಟಳು. ನಾಲ್ಕು ರೊಟ್ಟಿ ಉಂಡ. ಕಾಕಾ ಅವನ ಎದುರಿಗೆ ಕೂತು, ಎಡ ಮೂಲೆಯವನನ್ನು ಹೇಗೆ ಯಾಮಾರಿಸಬೇಕು ಎಂದು ಹೇಳಿಕೊಟ್ಟ. ಆ ವರ್ಷ ಪ್ರತಿ ಪಂದ್ಯದ ಮರುದಿನ ಅವನು ಹಾಗೆ ಬಂದ. ಆದರೆ ಒಬ್ಬ ಕೂತರೆ ಸಾಲಾಗುವುದಿಲ್ಲ, ಅದು ಅವನಿಗೂ ಗೊತ್ತಿತ್ತು. ಒಂದೆರಡು ವರ್ಷಕ್ಕೆ ಸಾವಕಾರರು ತೀರಿಕೊಂಡರು, ಮಿಲ್ಲು ಮುಚ್ಚಿತು, ಆಡಿ ಉಣ್ಣುವ ಕಾಲ ಮುಗಿಯಿತು. ಆಯಿ ಹೋದ ಮೇಲೆ ನಾವು ಬೀದರಿಗೆ ಬಂದೆವು. ನಮ್ಮ ಅಂಗಳವಿದ್ದಲ್ಲಿ ಈಗ ಒಂದು ಫಂಕ್ಷನ್ ಹಾಲ್ ಇದೆ. ಒಮ್ಮೆ ಮದುವೆಗೆಂದು ಹೋಗಿ, ಅಂಕಣದ ಮಧ್ಯಗೆರೆ ಎಲ್ಲಿತ್ತೆಂದು ಹುಡುಕಿ, ಟೈಲ್ಸಿನ ಮೇಲೆ ಗುರುತು ಸಿಗದೆ ಊಟ ಮಾಡದೆ ಬಂದುಬಿಟ್ಟೆ.

ಕಾಕಾ ಕೊನೆಯ ತನಕ ನಮ್ಮೊಡನೆಯೇ ಇದ್ದ. ಅವನು ಹೋಗಿ ಈಗ ಎರಡು ಚಳಿಗಾಲ ಕಳೆದವು. ಹೋಗುವ ಕೆಲವು ತಿಂಗಳ ಮುಂಚೆ ಒಂದು ಮಧ್ಯಾಹ್ನ ಹಿತ್ತಲಿನ ಬಿಸಿಲಿಗೆ ಮಂಚ ಹಾಕಿಕೊಂಡು ಕೂತಿದ್ದ. ಮೂವತ್ತೈದು ವರ್ಷಕ್ಕೂ ಮೇಲೆ ಎದೆಯಲ್ಲಿ ಹೊತ್ತದ್ದನ್ನು ಅಂದು ಕೇಳಿಯೇಬಿಟ್ಟೆ. "ಕಾಕಾ, ಔರಾದದಾಗ ನಾ ಕೂಗಬಾರದಿತ್ತಲ್ಲಾ? ನಾ ಕೂಗಿದ್ದಕ್ಕೇ ಎಲ್ಲಾ ಹೋತು." ಅವನು ಹೊದ್ದಿದ್ದ ಶಾಲು ಸರಿಮಾಡಿಕೊಂಡ. ಮರೆತಿದ್ದಾನೆ ಎಂದುಕೊಂಡೆ.

"ಆ ವರ್ಷ ಎಡಗಡಿಯವನ್ನ ಮುಟ್ಟಿ ತಿರುಗಿ ಬಂದದ್ದು ಅದೊಂದೇ ಸಲಾ ಸುಜೂ" ಎಂದ. "ಸಾಲು ಹ್ಯಾಂಗೂ ಏಳೂದಿತ್ತು. ಅದೊಂದು ರೈಡ್ ನೀ ಕೊಟ್ಟಿ. ನನಗ ಅದೇ ನೆಪ್ಪದ."

ನಾನು ಎದ್ದು ಮಂಚದ ಆಚೆ ಬದಿಗೆ ಹೋಗಿ ಕೂತೆ, ಬೇಕೆಂದೇ ಅವನ ಎಡಕ್ಕೆ. ಅತ್ತರೆ ಅವನಿಗೆ ಕಾಣಬಾರದು ಎಂದು. ಅಲ್ಲಿ ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಎಡಗಡೆ ಎಲೆ ಬಿದ್ದ ಸದ್ದಾದರೂ ಕುತ್ತಿಗೆ ತಿರುಗಿಸಿ ನೋಡುವ ಅಭ್ಯಾಸ ಅವನಿಗೆ, ಜೀವನವಿಡೀ ಹಾಗೆಯೇ ನೋಡಿದ್ದ. ಅಂದು ನನ್ನ ಬಿಕ್ಕು ಅವನಿಗೆ ಕೇಳದೆ ಇರಲಿಲ್ಲ. ಆದರೂ ಅವನು ಮುಂದೆಯೇ ನೋಡುತ್ತ ಕೂತಿದ್ದ, ನಾನು ಮುಗಿಸುವ ತನಕ ಕುತ್ತಿಗೆ ತಿರುಗಿಸಲಿಲ್ಲ.